ಗೂಡಿನ ಮಾತಿನ ಪಕ್ಕದಲ್ಲೇ ಮನೆಯ ಮಾತು



ಬೈಬಲ್ಲಿನ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ಮನೆಗೆ ಹೋದ ಮೇಲೆ ಇನ್ನೊಮ್ಮೆ ಓದಿ. ದಾರಿಯಲ್ಲಿ ಗೂಡು ಕಂಡು, ಮೊಟ್ಟೆಯ ಮೇಲೋ ಮರಿಗಳ ಮೇಲೋ ತಾಯಿಹಕ್ಕಿ ಕೂತಿದ್ದರೆ ಅದನ್ನು ಬಿಟ್ಟುಬಿಡಬೇಕು ಎಂಬ ಆಜ್ಞೆ ಅಲ್ಲಿದೆ. ಮರುವಚನದಲ್ಲೇ ಹೊಸ ಮನೆ ಕಟ್ಟುವವರಿಗೆ ಮಾತು: ಯಾರೂ ಬಿದ್ದು ಸಾಯದಂತೆ ಮಾಳಿಗೆಯ ಸುತ್ತ ಗೋಡೆ ಎತ್ತಿಸಬೇಕು. ಎಷ್ಟೋ ವರ್ಷ ಇವೆರಡನ್ನೂ ಬೇರೆ ಬೇರೆಯಾಗಿ ಓದಿದೆ. ಈಗ ಒಂದೇ ಉಸಿರಿನ ಮಾತಾಗಿ ಕೇಳಿಸುತ್ತಿದೆ. ನಾವು ಕಟ್ಟಿದ್ದರಿಂದ ಹೋಗುವ ಜೀವಕ್ಕೆ ನಾವೇ ಹೊಣೆ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿದ್ದೀರಿ. ಅದು ಕಾಡಲ್ಲ, ಊರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ದನ, ಮಕ್ಕಳು, ಓಡಾಟ. ಹುಣಸೆ ಬಡಿಯುವ ಕಾಲಕ್ಕೇ ಗೂಡಲ್ಲಿ ಮರಿಗಳಿರುತ್ತವೆ. ಕೋಲೆತ್ತಿದರೆ ಹಣ್ಣಿನ ಜೊತೆ ಮರಿಯೂ ಉದುರುತ್ತದೆ. ಹಾಗಾಗಿ ಫಸಲನ್ನೇ ಬಿಟ್ಟುಕೊಟ್ಟ ರೈತರಿದ್ದಾರೆ. ಅರಣ್ಯ ಇಲಾಖೆ ಮರಕ್ಕಿಷ್ಟೆಂದು ಪರಿಹಾರ ಕೊಡುತ್ತದೆ, ನಿಜ. ಆದರೆ ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ, ಮೀನು ತಿನ್ನಿಸಿ ಸಾಕಿದವರು ಹೆಜ್ಜಾರ್ಲೆ ಬಳಗದ ಊರ ಹುಡುಗರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಮನುಷ್ಯರಿರುವ ಕಡೆ ಹಕ್ಕಿ ಬಾಳದು ಎನ್ನುವವರಿಗೆ ನಾನು ಈ ಊರನ್ನೇ ತೋರಿಸುತ್ತೇನೆ.

ನಮ್ಮ ದೇವಾಲಯವನ್ನು ತೋರಿಸಲಾರೆ. ಹೆಂಚು ತೆಗೆದು ಆರ್‌ಸಿಸಿ ಹಾಕಿದಾಗ ವೆಂಟಿಲೇಟರ್ ಕಂಡಿಗಳನ್ನು ಮುಚ್ಚಿಸಿದವನು ನಾನು. ಒಳಗೆ ಗುಬ್ಬಿಮರಿಗಳಿವೆ ಎಂದು ಮೇಸ್ತ್ರಿ ಹೇಳಿದರು. ಪ್ರತಿಷ್ಠೆಯ ದಿನ ಹತ್ತಿರವಿತ್ತು. ಗೂಡನ್ನು ಇಳಿಸಿ ಬೇಲಿಯ ಬಳಿ ಇಡಿಸಿದೆ. ತಾಯಿ ಎರಡು ದಿನ ಹುಳು ಕಚ್ಚಿಕೊಂಡು ಆ ಹಸಿ ಗೋಡೆಗೇ ಬಂದು ಬಂದು ಹೋಯಿತು. ಗುಬ್ಬಿ ಕಾಳು ತಿನ್ನುವ ಹಕ್ಕಿ, ಆದರೆ ಎಳೆಮರಿಗೆ ಹುಳುವೇ ಆಹಾರ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿ ಗಿಡಗಳಿಗೆ ಔಷಧಿ ಹೊಡೆಸಿದ್ದ ನಮ್ಮ ಆವರಣದಲ್ಲಿ ಆ ಹುಳುವನ್ನು ಅದು ಎಷ್ಟು ದೂರದಿಂದ ತಂದಿತ್ತೋ. ತಾಯಿಯನ್ನು ಬಿಟ್ಟೆನಲ್ಲ, ಆಜ್ಞೆಯ ಅಕ್ಷರ ಮೀರಲಿಲ್ಲವಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ಕರ್ತನ ಮುಂದೆ ನಿಲ್ಲುವ ಮಾತಲ್ಲ ಅದು.

ನಾಳೆ ಮೇಸ್ತ್ರಿ ಬರುತ್ತಾರೆ, ಎರಡು ಕಂಡಿ ಬಿಚ್ಚಿಸುತ್ತೇನೆ. ದಾಸವಾಳದ ಬೇಲಿಗೆ ಇನ್ನು ಔಷಧಿ ಹೊಡೆಸುವುದಿಲ್ಲ. ನಿಮ್ಮ ಮನೆಯ ಸಜ್ಜೆಯ ಮೇಲೆ, ಮೀಟರ್ ಪೆಟ್ಟಿಗೆಯ ಹಿಂದೆ ಹುಲ್ಲುಕಡ್ಡಿ ಸೇರುತ್ತಿದ್ದರೆ ಸುಣ್ಣಬಣ್ಣದ ಕೆಲಸವನ್ನು ತಿಂಗಳೊಪ್ಪತ್ತು ಮುಂದಕ್ಕೆ ಹಾಕಿ. ಮೊಟ್ಟೆಯಿಟ್ಟು ಮರಿ ಹಾರಲು ಗುಬ್ಬಿಗೆ ಅಷ್ಟು ದಿನ ಸಾಕು.