ನೋವನ್ನು ಸಹಿಸುವುದು ತಪಸ್ಸೇ?

ಜಯನಗರದ ಮಾಧವನ್ ಪಾರ್ಕಿನಂಥ ಕಡೆಗಳಲ್ಲಿ ಮುಂಜಾನೆ ಓಡುವ, ಆಸನ ಹಾಕುವ ಗಂಡಸಿಗೆ ತೊಡೆಸಂದಿನಲ್ಲಿ, ಅಂದರೆ ಕಿಬ್ಬೊಟ್ಟೆ ಮತ್ತು ತೊಡೆ ಕೂಡುವ ಎಡೆಯಲ್ಲಿ, ನೋವು ಕಾಣಿಸಿಕೊಂಡಾಗ ಅವನು ಅದನ್ನು ನಾಚಿಕೆಯಿಂದ ಮುಚ್ಚಿಡುವುದುಂಟು. ಆ ಮೌನಕ್ಕೆ ತಪಸ್ಸೆಂಬ ಹೆಸರು ಸಲ್ಲುತ್ತದೆಯೇ ಎಂಬುದು ಧರ್ಮವಿಚಾರಕ್ಕೆ ತಕ್ಕ ಪ್ರಶ್ನೆ.

ಭಗವದ್ಗೀತೆಯ 17ನೆಯ ಅಧ್ಯಾಯವು ಅಹಂಕಾರದಿಂದ ದೇಹವನ್ನು ಹಿಂಸಿಸುವ ತಪಸ್ಸನ್ನು ಆಸುರವೆಂದು ತಳ್ಳಿಹಾಕುತ್ತದೆ. ಪತಂಜಲಿಯ ಯೋಗಸೂತ್ರಗಳು ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ಹೇಳುವುದಲ್ಲದೆ, ಯಮಗಳೆಂಬ ಐದು ಸಂಯಮಗಳಲ್ಲಿ ಅಹಿಂಸೆಗೆ ಮೊದಲ ಸ್ಥಾನ ಕೊಡುತ್ತವೆ. ಶ್ರವಣಬೆಳಗೊಳವನ್ನು ಬಲ್ಲ ನಾಡಿನಲ್ಲಿ ಇದಕ್ಕೊಂದು ಬಲವಾದ ಆಕ್ಷೇಪವೂ ಇದೆ: ಜೈನಧರ್ಮವು ಕಾಯಕ್ಲೇಶವನ್ನು, ಎಂದರೆ ದೇಹಕಷ್ಟವನ್ನು ಅರಿತು ಸಹಿಸುವುದನ್ನು, ಆರು ಬಾಹ್ಯ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತದೆ. ಆದರೆ ಕಾಯಕ್ಲೇಶದಲ್ಲಿ ಸಂಕಲ್ಪವಿದೆ, ಎಚ್ಚರವಿದೆ. ಅಡಗಿಸಿಟ್ಟ ನೋವಿನಲ್ಲಿ ಇರುವುದು ಬಹುಮಟ್ಟಿಗೆ ಅಂಜಿಕೆ.

ಈ ಭೇದ ಬರಿಯ ತರ್ಕದ್ದಲ್ಲ. ತೊಡೆಯ ಒಳಬದಿಯ ಸ್ನಾಯು ಎಳೆದುಕೊಂಡಿದ್ದರೆ ವಿಶ್ರಾಂತಿಯೂ ಕ್ರಮವಾದ ವ್ಯಾಯಾಮವೂ ಸಾಮಾನ್ಯವಾಗಿ ಸಾಕಾಗುತ್ತವೆ. ಹೊಟ್ಟೆಯ ಗೋಡೆಯ ದುರ್ಬಲ ಭಾಗದಿಂದ ಕರುಳು ಹೊರಚಾಚುವ ಹರ್ನಿಯಾ ಆಗಿದ್ದರೆ ಭಾರ ಎತ್ತುವ ಹಟ ಅದನ್ನು ಹೆಚ್ಚಿಸಬಹುದು. ವೃಷಣವೇ ತಿರುಚಿಕೊಂಡು ರಕ್ತಸಂಚಾರ ನಿಂತು ಹಠಾತ್ತನೆ ತೀವ್ರ ನೋವು ಬಂದಿದ್ದರೆ ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ದೊರೆತಾಗ ಮಾತ್ರ ಅದು ಉಳಿಯುವ ಸಾಧ್ಯತೆ ಹೆಚ್ಚು, ಆದ್ದರಿಂದ ಅಲ್ಲಿ ಬೆಳಗಾಗುವವರೆಗೆ ಸಹಿಸಿಕೊಂಡು ಕಾಯುವ ಗಂಡಸು ಯಾವ ವ್ರತವನ್ನೂ ಪಾಲಿಸುತ್ತಿರುವುದಿಲ್ಲ.