ಅಂಜಿಕೆಯ ವಿಧೇಯತೆ, ಅಕ್ಕರೆಯ ವಿಧೇಯತೆ



"ಗಪ್ಪ ಕೂಡದಿದ್ರ ಅಕ್ಕೋರಿಗೆ ಹೇಳ್ತೀನಿ" ಎಂದು ಮನೆಯಲ್ಲಿ ತಾಯಿ ಹೆದರಿಸುತ್ತಾಳೆ. "ನಿಮ್ಮಪ್ಪಗ ಹೇಳ್ತೀನಿ" ಎಂದು ಅಕ್ಕೋರು ಗದರಿಸುತ್ತಾರೆ. ಅದೂ ಸಾಲದಾದಾಗ, "ಯೇಸುಸ್ವಾಮಿ ಶಿಕ್ಷೆ ಕೊಡ್ತಾನ ನೋಡು" ಎನ್ನುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮನೆಗಳಲ್ಲಾಗಲಿ, ಶಿಶುವಿಹಾರಗಳಲ್ಲಾಗಲಿ ಇಂಥ ಮಾತು ಅಪರೂಪವಲ್ಲ. ಮಗು ಸುಮ್ಮನಾಗುತ್ತದೆ, ನಿಜ. ಆದರೆ ಸುಮ್ಮನಾದ ಮಗು ಒಳ್ಳೆಯ ಮಗುವಾಯಿತೇ?

ಸಂತ ಥಾಮಸ್ ಅಕ್ವಿನಾಸರು ದೇವಭಯವನ್ನು ಕುರಿತು ಬರೆಯುವಾಗ ಆಳಿನ ಭಯ, ಮಕ್ಕಳ ಭಯ ಎಂದು ಬೇರ್ಪಡಿಸಿ ಹೇಳುತ್ತಾರೆ. ಶಿಕ್ಷೆಗೆ ಅಂಜುವುದು ಆಳಿನ ಭಯ. ಪ್ರೀತಿಸುವವರ ಮನಸ್ಸನ್ನು ನೋಯಿಸಿಬಿಟ್ಟೇನೆಂದು ಅಂಜುವುದು ಮಕ್ಕಳ ಭಯ. ಮೊದಲನೆಯದು ಬಡಿಗೆ ಕಾಣುವವರೆಗೆ ಮಾತ್ರ. ಅಕ್ಕೋರು ಅತ್ತ ತಿರುಗಿದರೆ ಮುಗಿಯಿತು. ಎರಡನೆಯದು ಯಾರೂ ನೋಡದಿರುವಾಗಲೂ ಜೊತೆಗಿರುತ್ತದೆ. ಮನಸ್ಸಾಕ್ಷಿ ಬೆಳೆಯುವುದು ಅಲ್ಲಿಯೇ.

ಹಟಮಾರಿ ಎಂದು ನಾವು ಹೆಸರಿಡುವ ಮಗುವನ್ನು ಸ್ವಲ್ಪ ಗಮನಿಸಿ. ತಾಂಡಾದಿಂದ ಬಂದ ಮಗುವಿಗೆ ಮನೆಯಲ್ಲಿ ಲಂಬಾಣಿ ಮಾತು. "ಸಾಲಾಗಿ ನಿಲ್ಲು" ಎಂದದ್ದು ಅರ್ಥವೇ ಆಗಿರಲಿಕ್ಕಿಲ್ಲ. ಇನ್ನೊಂದು ಮಗುವಿನ ತಂದೆತಾಯಿ ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿದ್ದಾರೆ. ಅಜ್ಜಿಯ ಬಳಿ ಉಳಿದ ಅದು ಪಕ್ಕದ ಮಗುವನ್ನು ಕಚ್ಚುತ್ತದೆ. ಮತ್ತೊಂದು ಬೆಳಿಗ್ಗೆ ಉಣ್ಣದೆ ಬಂದಿದೆ. ಮೂವರ ನೋವು ಮೂರು ಬಗೆ. ಒಂದೇ ಪೆಟ್ಟು ಮೂರಕ್ಕೂ ಮದ್ದಾದೀತೇ?

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬೆತ್ತ ಬಳಸಬೇಕೆಂದು ಜ್ಞಾನೋಕ್ತಿಗಳ ಗ್ರಂಥವೂ ಹೇಳುತ್ತದಲ್ಲ!" ಎಂದು ನೀವು ಕೇಳಬಹುದು. ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಹೊಡೆಯಲು ಎತ್ತಿದ ಪುಟ್ಟ ಕೈಯನ್ನು ಹಿಡಿದು "ಬೇಡ" ಎನ್ನಲೇಬೇಕು. ಮನಬಂದಂತೆ ಬಿಡುವುದು ಪ್ರೀತಿಯಲ್ಲ. ಆದರೆ 23ನೇ ಕೀರ್ತನೆಯಲ್ಲಿ ಕುರುಬನ ಕೋಲು ಕುರಿಗೆ ಧೈರ್ಯ ತರುತ್ತದೆಯೇ ಹೊರತು ಗಾಯವನ್ನಲ್ಲ. ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬಾರದೆಂದು ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ತಂದೆಯಂದಿರನ್ನೇ ಎಚ್ಚರಿಸುತ್ತಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯಬೇಕು ಎಂಬುದು ಸಂತ ಜಾನ್ ಬೋಸ್ಕೊರವರು 1884ರಲ್ಲಿ ರೋಮಿನಿಂದ ಬರೆದ ಪತ್ರದ ಸಾರ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆ ಕೈಯನ್ನು ತಡೆಯಬಹುದು. ಮನಸ್ಸನ್ನು ನಾವೇ ಪರಿಶೋಧಿಸಿಕೊಳ್ಳಬೇಕು. ಆದ್ದರಿಂದ ತಂದೆತಾಯಿಯರೇ, ಅಕ್ಕೋರೇ, ಸಿಸ್ಟರುಗಳೇ, ರಾತ್ರಿಯ ಪ್ರಾರ್ಥನೆಯ ವೇಳೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇಂದು ನಾನು ತಿದ್ದಿದ್ದು ಮಗುವಿನ ಒಳಿತಿಗೋ, ನನ್ನ ಸಿಟ್ಟು ಇಳಿಯಲಿಕ್ಕೋ? ಗದರುವ ಮುನ್ನ ಕಾರಣ ತಿಳಿಯಲು ಯತ್ನಿಸಿದೆನೇ? ಗದರಿದ ಮೇಲೆ ಮಗುವನ್ನು ಮತ್ತೆ ಹತ್ತಿರ ಕರೆದೆನೇ?

ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆಯನ್ನೂ ನೆನೆಯೋಣ. ಮಕ್ಕಳನ್ನು ಹೆದರಿಸಲು ಯೇಸುವಿನ ಹೆಸರನ್ನು ಗುಮ್ಮನ ಹೆಸರಿನಂತೆ ಬಳಸಿದರೆ, ಆ ಮಗು ಮುಂದೆ ಪ್ರಾರ್ಥನೆಗೆ ಮೊಣಕಾಲೂರಿದಾಗ ಯಾರನ್ನು ಕಂಡೀತು? ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಪ್ರಭು ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಅವರನ್ನು ಗದರಿಸಿದ ಶಿಷ್ಯರ ಮೇಲೆ. ಮಕ್ಕಳನ್ನೋ ಅವರು ಅಪ್ಪಿಕೊಂಡು ಆಶೀರ್ವದಿಸಿದರು. ನಮ್ಮ ಮಕ್ಕಳಿಗೆ ಆ ಯೇಸುವಿನ ಪರಿಚಯ ಮಾಡಿಕೊಡೋಣ.