ಪೈಲ್ವಾನರ ಸನ್ಮಾನಕ್ಕೆ ನನ್ನ ಭಾಷಣ

ಕಳೆದ ವರ್ಷ ಖಾನಾಪುರ ತಾಲ್ಲೂಕಿನ ಒಂದು ಊರಿನಲ್ಲಿ ಜಾತ್ರೆಯ ಕುಸ್ತಿಗೆ ಹದಿನೈದು ದಿನ ಇರುವಾಗ ನಾಲ್ಕು ಮಂದಿ ಹಿರಿಯರು ನನ್ನ ಶಾಲೆಗೆ ಬಂದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ತಾವು ಪಾರಾದೆವೆಂದು ತಿಳಿದುಕೊಳ್ಳುತ್ತಾರೆ.

'ಮಾಸ್ತರ, ನೀವು ಛಲೋ ಬರೀತೀರಿ, ಮಾತೂ ಆಡ್ತೀರಿ. ಈ ಸಲ ನಮ್ಮ ಪೈಲ್ವಾನರಿಗೆ ಸನ್ಮಾನ ಇಟ್ಟೇವಿ. ನೌಕರಿ ಮುಗಿಸಿ ಊರಿಗೆ ಬಂದಾರ. ಹೊಸಾ ತಾಲೀಮಿಗೆ ಅವರನ್ನ ವಸ್ತಾದರನ್ನಾಗಿ ಮಾಡೂದೈತಿ. ಅವರ ಬಗ್ಗೆ ನೀವ ಎರಡು ಮಾತು ಹೇಳಬೇಕು' ಎಂದರು.

ಪೈಲ್ವಾನರ ಹೆಸರು ಕೇಳಿದೆ. ನನಗೆ ಗೊತ್ತಿದ್ದ ಹೆಸರು.

1982ರಲ್ಲಿ ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ. ಹಾಸ್ಟೆಲಿನಲ್ಲಿ ಊಟ, ಬರಿಗಾಲಿನಲ್ಲಿ ಎಂಟು ನೂರು ಮೀಟರ್ ಓಟ. ಅವನು ನನಗಿಂತ ಒಂದು ವರ್ಷ ಮುಂದೆ. ಆಗಲೇ ಜಾತ್ರೆಗಳಲ್ಲಿ ಕುಸ್ತಿ ಹಿಡಿದು ಪಟಕ ಗೆದ್ದ ಹುಡುಗ. ಒಂದು ಸಂಜೆ ಆಟದ ಸಾಮಾನು ತರಲು ಹೋದವನು ತಾಲೀಮಿನ ಮಣ್ಣಿನ ಮೇಲೆ ಕಾಲಿಟ್ಟೆ. ಅವನು ನನ್ನ ಕುತ್ತಿಗೆ ಹಿಡಿದು ಹೊರಗೆ ತಂದ. ನಾನು ಕಾಲಿಟ್ಟ ಕಡೆಯ ಮಣ್ಣನ್ನು ನನ್ನ ಕೈಯಿಂದಲೇ ಬುಟ್ಟಿಗೆ ತುಂಬಿಸಿ ಗಟಾರಕ್ಕೆ ಹಾಕಿಸಿದ. ಆಮೇಲೆ ದಿನಾ ಸಂಜೆ ತನ್ನ ಚಪ್ಪಲಿ ನನ್ನ ತಲೆಯ ಮೇಲಿಟ್ಟು ಮೈದಾನ ಸುತ್ತು ಎನ್ನುತ್ತಿದ್ದ. ಸುತ್ತಲಿನ ಹುಡುಗರು ನಗುತ್ತಿದ್ದರು. ಮಾಸ್ತರೊಬ್ಬರು ನೋಡಿದರು. 'ಆಟದಾಗ ಇದೆಲ್ಲಾ ಇರತೈತಿ' ಎಂದು ಹೋದರು. ಆ ವರ್ಷದ ಜಿಲ್ಲಾ ಕ್ರೀಡಾಕೂಟಕ್ಕೆ ನಾನು ಹೋಗಲಿಲ್ಲ. ಆಮೇಲೆ ಎಂದೂ ಓಡಲಿಲ್ಲ.

ಆ ಮಣ್ಣಿನ ಬಗ್ಗೆ ಒಂದು ಮಾತು. ಕುಸ್ತಿ ಕಣದ ಮಣ್ಣು ಬರಿ ಮಣ್ಣಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆ ಹುಳಿ ಬೆರೆಸಿ ಹದ ಮಾಡುತ್ತಾರೆ. ಮೈಗೆ ಹತ್ತಿದರೆ ಗಾಯ ಮಾಯುತ್ತದೆ ಎನ್ನುತ್ತಾರೆ. ಆ ಮಣ್ಣನ್ನು ಅಗೆದು ತಂದವರು ಯಾರು? ಕಣದ ಅಂಚಿನಲ್ಲಿ ನಿಂತು ಹಲಗಿ ಬಡಿದು ಪೈಲ್ವಾನರ ರಕ್ತ ಕುದಿಸುವವರು ಯಾರು? ನಮ್ಮಪ್ಪ ಮೂವತ್ತು ವರ್ಷ ಹಲಗಿ ಬಡಿದ. ಅವನ ಹಲಗಿಯ ಸದ್ದು ಕಣದ ನಡುವಿಗೆ ಹೋಗುತ್ತಿತ್ತು, ಅವನ ಕಾಲು ಹೋಗುತ್ತಿರಲಿಲ್ಲ.

ನಾನು ಹಿರಿಯರಿಗೆ ಹಳೆಯ ಕತೆ ಹೇಳಿದೆ. ಒಬ್ಬರು ತಲೆ ತಗ್ಗಿಸಿದರು. ಇನ್ನೊಬ್ಬರು, 'ಹುಡುಗಾಟಕೀ ವಯಸ್ಸು ಮಾಸ್ತರ. ಮನುಷ್ಯಾಗ ಇನ್ನೊಂದು ಅವಕಾಶ ಕೊಡಬಾರದೇನ್ರೀ?' ಎಂದರು.

ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ ಗೆಳೆಯರೆ. ಹದಿನಾರು ವರ್ಷದ ಹುಡುಗ ತನ್ನ ಜಾತಿಯನ್ನು ತಾನೇ ಕಂಡುಹಿಡಿದಿರುವುದಿಲ್ಲ. ಮಣ್ಣು ಮೈಲಿಗೆಯಾಗುತ್ತದೆಂದು ಅವನಿಗೆ ಅವನ ಅಜ್ಜ ಕಲಿಸಿದ, ಊರು ಕಲಿಸಿತು, ನೋಡಿಯೂ ಹೋದ ಆ ಮಾಸ್ತರರು ಕಲಿಸಿದರು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಹೊಸ ಆರಂಭದ ತತ್ವವನ್ನು ಒಪ್ಪಿಕೊಂಡಿದೆ. ಅತಿ ಘೋರ ಅಪರಾಧದ ಕೆಲವು ಪ್ರಕರಣ ಬಿಟ್ಟರೆ, ಬಾಲ್ಯದಲ್ಲಿ ಮಾಡಿದ ತಪ್ಪು ಮುಂದಿನ ಬದುಕಿಗೆ ಅನರ್ಹತೆಯಾಗಕೂಡದು ಎನ್ನುತ್ತದೆ ಅದರ 24ನೇ ಕಲಮು. ಇದು ಒಳ್ಳೆಯ ಕಲಮು. ನಮಗಂತೂ ಬೇಕೇ ಬೇಕಾದ ಕಲಮು. ಯಾಕೆಂದರೆ ಹುಡುಗರ ತಪ್ಪಿಗೆ ಜೀವನಪರ್ಯಂತ ಶಿಕ್ಷೆ ಎಂಬ ನಿಯಮ ಬಂದರೆ ಅದು ಮೊದಲು ಬೀಳುವುದು ನಮ್ಮ ಕೇರಿಯ ಹುಡುಗರ ತಲೆಯ ಮೇಲೆ. ಗೌಡರ ಮಗ ಕಲ್ಲು ಒಗೆದರೆ ಹುಡುಗಾಟ, ನಮ್ಮವನು ಒಗೆದರೆ ಪೊಲೀಸು ಕೇಸು. ಹಾಸ್ಟೆಲಿನಿಂದ ಹೊರಗೆ ಬಿದ್ದವರ ಪಟ್ಟಿ ತೆಗೆದರೆ ಗೊತ್ತಾಗುತ್ತದೆ.

ನೊಂದವರೆಲ್ಲ ಶುದ್ಧರು ಎಂದೂ ನಾನು ಹೇಳಲಾರೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕ್ಲಬ್ಬಿನಲ್ಲಿ ತಾನು ಅನುಭವಿಸಿದ ಜನಾಂಗೀಯ ನಿಂದನೆಯನ್ನು ಅಜೀಂ ರಫೀಕ್ ಎಂಬ ಕ್ರಿಕೆಟಿಗ 2021ರ ನವೆಂಬರಿನಲ್ಲಿ ಅಲ್ಲಿನ ಸಂಸದರ ಮುಂದೆ ಹೇಳಿದ. ದೇಶವೇ ಕೇಳಿತು. ಒಂದೆರಡು ದಿನಗಳಲ್ಲೇ, 2011ರಲ್ಲಿ ಅವನೇ ಯೆಹೂದಿಗಳನ್ನು ಹೀಯಾಳಿಸಿ ಬರೆದ ಮಾತು ಹೊರಬಿತ್ತು. ಅವನು ಸುಳ್ಳು ಹೇಳಲಿಲ್ಲ, ನಾಚಿಕೆಯಾಗುತ್ತದೆ ಎಂದು ಕ್ಷಮೆ ಕೇಳಿದ. ನಮ್ಮಲ್ಲೂ ಹೊಲೆಯ ಮಾದಿಗರ ನಡುವೆ ಲೋಟ ಬೇರೆ ಇಡುವ ಮನೆಗಳಿದ್ದವು, ಇವೆ. ಕೇರಿಯ ಗಂಡಸು ಹೆಂಡತಿಯನ್ನು ಬಡಿದು ಬಂದು ಸಮಾನತೆಯ ಭಾಷಣ ಮಾಡಿದ್ದನ್ನೂ ನಾನು ಕೇಳಿದ್ದೇನೆ. ಎರಡನೇ ಅವಕಾಶ ನಮಗೂ ಬೇಕು.

ಹಾಗಾದರೆ ತಕರಾರು ಏನು? ಅವಕಾಶ ಕೊಡುವವರು ಯಾರು, ಯಾರನ್ನು ಕೇಳಿ ಕೊಡುತ್ತಾರೆ ಎಂಬುದೇ ತಕರಾರು.

ಅಮೆರಿಕದಲ್ಲಿ ಮಿಚೆಲ್ ಮಿಲ್ಲರ್ ಎಂಬ ಐಸ್ ಹಾಕಿ ಆಟಗಾರನಿದ್ದಾನೆ. ಹದಿನಾಲ್ಕರ ವಯಸ್ಸಿನಲ್ಲಿ, 2016ರಲ್ಲಿ, ಕಲಿಕೆಯಲ್ಲಿ ಹಿಂದುಳಿದ ಕರಿಯ ಸಹಪಾಠಿಯೊಬ್ಬನಿಗೆ ಶೌಚಾಲಯದ ಮೂತ್ರದ ತೊಟ್ಟಿಗೆ ಒರೆಸಿದ ಮಿಠಾಯಿ ನೆಕ್ಕಿಸಿದ. ವರ್ಷಗಟ್ಟಲೆ ಅವನ ಬಣ್ಣ ಹಿಡಿದು ಬೈದಿದ್ದ. ಬಾಲ ನ್ಯಾಯಾಲಯದಲ್ಲಿ ತಪ್ಪು ಸಾಬೀತಾಯಿತು. 2020ರಲ್ಲಿ ಅರಿಜೋನಾದ ತಂಡವೊಂದು ಅವನನ್ನು ಆಯ್ದುಕೊಂಡಿತು. ಸುದ್ದಿ ಹಬ್ಬಿದ ಮೇಲೆ ಕೈಬಿಟ್ಟಿತು. ಆಗ ಆ ಹುಡುಗನ ತಾಯಿ ಹೇಳಿದ್ದೇನು? ನ್ಯಾಯಾಲಯ ಬರೆಸಿದ ಪತ್ರ ಬಿಟ್ಟರೆ ಅವನು ಒಂದು ದಿನವೂ ತನ್ನ ಮಗನ ಕ್ಷಮೆ ಕೇಳಿರಲಿಲ್ಲ ಎಂದು. 2022ರ ನವೆಂಬರ್ 4ರಂದು ಬಾಸ್ಟನ್ ತಂಡ ಅವನೊಡನೆ ಕರಾರು ಮಾಡಿಕೊಂಡಿತು. ಕರಾರಿಗೆ ಕೆಲವೇ ದಿನ ಮೊದಲು ಅವನು ಆ ಹಳೆಯ ಸಹಪಾಠಿಗೆ ಫೋನಿನಲ್ಲಿ ಸಂದೇಶ ಕಳಿಸಿದ್ದ, ಕ್ಷಮಿಸು, ಗೆಳೆಯನಾಗು ಎಂದು. ಕರಾರಿನ ವಿಷಯ ಆ ಹುಡುಗನಿಗೆ ಗೊತ್ತಿರಲಿಲ್ಲ. ತಂಡದವರೂ ಆ ಮನೆಯವರನ್ನು ಮಾತಾಡಿಸಿರಲಿಲ್ಲ. ಎರಡೇ ದಿನದಲ್ಲಿ, ಜನ ಸಿಟ್ಟಾದ ಮೇಲೆ, ತಂಡ ಹಿಂದೆ ಸರಿಯಿತು.

ನನಗೆ ಇಲ್ಲಿ ಮಿಲ್ಲರನಿಗಿಂತ ತಂಡದ ಮೇಲೆ ಹೆಚ್ಚು ಸಿಟ್ಟು. ಆ ಹುಡುಗ ಬದಲಾಗಿದ್ದಾನೋ ಇಲ್ಲವೋ ಎಂಬುದು ಅವರಿಗೆ ಬೇಕಿರಲಿಲ್ಲ. ಅವನ ಆಟ ಬೇಕಿತ್ತು. ಆಟ ಬರದ ಹುಡುಗನೊಬ್ಬ ಅದೇ ತಪ್ಪು ಮಾಡಿದ್ದರೆ 'ಎರಡನೇ ಅವಕಾಶ' ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಪದಕಕ್ಕೆ ಬೆಲೆಯಿರುವ ತನಕ ಕರುಣೆ ಎಂಬುದು ಒಂದು ವ್ಯಾಪಾರ.

ಇನ್ನು 'ಎರಡನೇ' ಎಂಬ ಮಾತು. ಮೊದಲನೆಯದು ಯಾರಿಗೆ ಸಿಕ್ಕಿತ್ತು?

ಪಾಲವಂಕರ್ ಬಾಳೂ ಹುಟ್ಟಿದ್ದು ಇಲ್ಲೇ ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಹುಡುಗ. ಪುಣೆಯಲ್ಲಿ ಗೋರಾ ಸಾಹೇಬರ ಮೈದಾನದಲ್ಲಿ ಪಿಚ್ಚು ಸಮ ಮಾಡುತ್ತ, ಅವರಿಗೆ ಚೆಂಡು ಹಾಕುತ್ತ ಬೌಲರ್ ಆದವನು. ಹಿಂದೂ ತಂಡಕ್ಕೆ ಅವನ ಬೌಲಿಂಗು ಬೇಕಾಯಿತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅವನಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದರೂ ಹಿಂದೂ ತಂಡದ ಕ್ಯಾಪ್ಟನ್ ಆಗಲಿಲ್ಲ. 1920ರಲ್ಲಿ ಅವನ ತಮ್ಮಂದಿರು ತಂಡದಿಂದ ಹೊರನಡೆದು ಪ್ರತಿಭಟಿಸಿದರು. ತಮ್ಮ ವಿಠ್ಠಲನಿಗೆ ಆ ಜಾಗ ಸಿಕ್ಕಿದ್ದು 1923ರಲ್ಲಿ. ಆ ಕುಡಿಕೆ ಕೊಟ್ಟ ಆಟಗಾರರೂ ಹರೆಯದವರೇ. ಪ್ರತಿ ಪಂದ್ಯದಲ್ಲೂ ಅವರಿಗೆ ಇನ್ನೊಂದು ಅವಕಾಶ ಕೊಟ್ಟವನು ಬಾಳೂನೇ. ಕೊಡದೆ ಇರುವ ಸ್ವಾತಂತ್ರ್ಯ ಅವನಿಗಿತ್ತೆ?

ಇನ್ನೂ ಹತ್ತಿರಕ್ಕೆ ಬನ್ನಿ. ಖಾನಾಪುರದ ಕಾಡಂಚಿನಲ್ಲಿ, ಪಕ್ಕದ ಹಳಿಯಾಳ, ಯಲ್ಲಾಪುರಗಳಲ್ಲಿ ಸಿದ್ದಿಗಳಿದ್ದಾರೆ. 1980ರ ದಶಕದಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟಕ್ಕೆ ತಯಾರು ಮಾಡಿತು. ಅವರು ಪದಕವನ್ನೂ ತಂದರು. 1993ರಲ್ಲಿ ಯೋಜನೆ ನಿಲ್ಲಿಸಿದರು. ಅವರು ಯಾರನ್ನೂ ಪೀಡಿಸಿರಲಿಲ್ಲ. ಅವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಯಾವ ಊರಿನ ಹಿರಿಯರೂ ಶಾಲೆಗೆ ಬಂದಂತಿಲ್ಲ. 2021ರ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣು. ಆಮೇಲೆ ಸೆಮಿಫೈನಲ್ ಸೋತ ದಿನ ಹರಿದ್ವಾರದ ಹತ್ತಿರ ಅವಳ ಮನೆಯ ಮುಂದೆ ಮೇಲ್ಜಾತಿಯವರು ಪಟಾಕಿ ಹೊಡೆದರು, ಜಾತಿ ಹಿಡಿದು ಬೈದರು. ತಪ್ಪು ಮಾಡದವಳಿಗೆ ಈ ಶಿಕ್ಷೆ.

ಬೆಳಗಾವಿಗೆ ಬಂದ ಮೇಲೆ ಗಾಂಧಿಯನ್ನು ಬಿಡುವಂತಿಲ್ಲ. 1924ರಲ್ಲಿ ಅವರು ಅಧ್ಯಕ್ಷರಾದ ಒಂದೇ ಕಾಂಗ್ರೆಸ್ ಅಧಿವೇಶನ ಇಲ್ಲಿಯದೇ. ನೂರು ವರ್ಷದ ಉತ್ಸವವೂ ಆಯಿತು. ನನಗೆ ನೆನಪಾಗುವುದು 1932. ಹರಿಜನ ಸೇವಕ ಸಂಘ ಕಟ್ಟಿದಾಗ ಗಾಂಧಿಯವರ ವಾದ ಹೀಗಿತ್ತು: ಇದು ಸವರ್ಣೀಯರು ತೀರಿಸಬೇಕಾದ ಪ್ರಾಯಶ್ಚಿತ್ತ, ಅವರು ಸಾಲಗಾರರು, ಆದ್ದರಿಂದ ಸಂಘ ನಡೆಸುವವರೂ ಅವರೇ. ಅಂಬೇಡ್ಕರರು ಆ ಸಂಘದ ಕಾರ್ಯದರ್ಶಿ ಠಕ್ಕರರಿಗೆ ಬರೆದ ಪತ್ರದಲ್ಲಿ ಬೇರೆಯದನ್ನೇ ಕೇಳಿದರು. ಬಾವಿ, ಶಾಲೆ, ಬೀದಿಯ ಹಕ್ಕಿಗೆ ಹೋರಾಡಿ, ದುಡಿಮೆಯಲ್ಲಿ ಸಮಾನ ಅವಕಾಶ ಕೊಡಿಸಿ, ಮನೆಯೊಳಗೆ ಕರೆದು ಜೊತೆಗೆ ಕುಳಿತು ಉಣ್ಣಿ ಎಂದು. ಸಾಲಗಾರ ಪಶ್ಚಾತ್ತಾಪಪಡಲಿ, ಸಂತೋಷ. ಆದರೆ ಎಷ್ಟು ಸಾಲ, ತೀರಿತೋ ಇಲ್ಲವೋ ಎಂಬ ಲೆಕ್ಕದ ವಹಿಯನ್ನೂ ಅವನೇ ಇಟ್ಟುಕೊಂಡರೆ ಸಾಲ ಕೊಟ್ಟವನು ಎಲ್ಲಿ ಕೂರಬೇಕು? ಪೈಲ್ವಾನರ ಸನ್ಮಾನದಲ್ಲಿ ನಡೆದದ್ದೂ ಇದೇ. ಊರಿನವರೇ ತಪ್ಪನ್ನು ತೂಗಿದರು, ಊರಿನವರೇ ಕ್ಷಮಿಸಿದರು, ರಶೀದಿಗೆ ಸಹಿ ಹಾಕಲು ನನ್ನ ಹತ್ತಿರ ಬಂದರು.

ನನ್ನ ಅಭಿಪ್ರಾಯ ಇಷ್ಟು. ಅವನು ಕುಸ್ತಿ ಹಿಡಿಯಲಿ, ಅನ್ನ ದುಡಿಯಲಿ. ಅದನ್ನು ಯಾರಿಂದಲೂ ಕಸಿಯಬಾರದು, ಕಸಿದದ್ದರ ನೋವು ನಮಗೆ ಗೊತ್ತು. ಆದರೆ ಹಾರ ಬೇರೆ, ವಸ್ತಾದಿಕೆ ಬೇರೆ. ಹತ್ತು ವರ್ಷದ ಮಕ್ಕಳನ್ನು ಕೈಗೆ ಕೊಡುವಾಗ ಊರು ಕೇಳಬೇಕಾದದ್ದು ಅವನ ಪಟಕಗಳನ್ನಲ್ಲ, ಕೇರಿಯ ಹುಡುಗನನ್ನು ಮಣ್ಣಿಗೆ ಇಳಿಸುತ್ತಾನೋ ಇಲ್ಲವೋ ಎಂಬುದನ್ನು. ಕ್ಷಮಿಸುವುದು ನೊಂದವನ ಕರ್ತವ್ಯವೂ ಅಲ್ಲ. ಅವನು ಕ್ಷಮಿಸದಿದ್ದರೂ ತಪ್ಪು ಮಾಡಿದವನು ತನ್ನ ಕೆಲಸ ಮಾಡಬಹುದು, ಮಾಡಬೇಕು. ಈ ಎರಡನ್ನೂ ಒಂದೇ ಗಂಟು ಹಾಕಿ, 'ನೀನು ಕ್ಷಮಿಸಿದರೆ ಎಲ್ಲಾ ಸರಿಹೋಗತೈತಿ' ಎನ್ನುವುದು ಮತ್ತೊಂದು ಸಲ ತಲೆಯ ಮೇಲೆ ಚಪ್ಪಲಿ ಇಟ್ಟಂತೆ.

ಹಿರಿಯರಿಗೆ ಹೇಳಿದೆ, 'ಭಾಷಣ ಮಾಡ್ತೇನ್ರಿ. ಮಣ್ಣಿನ ಕತೀನೂ ಹೇಳ್ತೇನಿ.' ಅವರು ಚಹಾ ಕುಡಿಯದೆ ಎದ್ದು ಹೋದರು.

ನಾಲ್ಕು ದಿನದ ಮೇಲೆ ಅವನೇ ಬಂದ. ಒಬ್ಬನೇ. ಮೊಣಕಾಲು ಕೆಟ್ಟಿತ್ತು, ಮೆಟ್ಟಿಲು ಹತ್ತಲು ಗೋಡೆ ಹಿಡಿದ. ನನ್ನ ಹೆಂಡತಿ ಚಹಾ ಕೊಟ್ಟಳು, ಕುಡಿದ. 'ನನಗ ಖರೇನ ನೆನಪಿಲ್ಲೋ ಮಾಸ್ತರ' ಎಂದ. ನಾನು ನಲವತ್ತು ವರ್ಷ ಹೊತ್ತದ್ದು ಅವನಿಗೆ ನೆನಪೇ ಇಲ್ಲ. ಈ ಉತ್ತರಕ್ಕೆ ನಾನು ತಯಾರಿರಲಿಲ್ಲ. ಬುಟ್ಟಿಯ ಮಾತು ಹೇಳಿದೆ, ಗಟಾರದ ಮಾತು ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ, 'ಬುಟ್ಟಿ ನೆನಪೈತಿ' ಎಂದ. 'ಈಗ ಏನ್ ಮಾಡ್ಲಿ, ಹೇಳು.'

'ತಾಲೀಮು ತೆಗೆಯೋ ದಿನ ಕೇರಿ ಹುಡುಗರು ಮೊದಲ ಮಣ್ಣಿಗೆ ಇಳೀಲಿ. ಯಾಕಂತ ನೀನ ಎಲ್ಲಾರ ಮುಂದ ಹೇಳು' ಎಂದೆ.

'ಇಳಸ್ತೇನಿ. ಊರಾಗ ಹೇಳೂದು ತ್ರಾಸ ಆಕೈತಿ.'

'ನಂಗೂ ತ್ರಾಸ ಆಗಿತ್ತು.'

ಜಾತ್ರೆಯಲ್ಲಿ ಸನ್ಮಾನ ಆಗಲಿಲ್ಲ. ಬೇಡ ಎಂದವನು ಅವನೋ ಊರಿನವರೋ ಗೊತ್ತಿಲ್ಲ. ಶ್ರಾವಣದಲ್ಲಿ ತಾಲೀಮು ತೆಗೆದರು. ಕೇರಿಯ ಮೂರು ಹುಡುಗರು ಹೋಗುತ್ತಿದ್ದಾರೆ, ಮೈಗೆ ಮಣ್ಣು ಹಚ್ಚಿಕೊಂಡು ಮನೆಗೆ ಬರುತ್ತಾರೆ. ಊರ ಮುಂದೆ ಆಡಬೇಕಾದ ಮಾತನ್ನು ಅವನು ಇನ್ನೂ ಆಡಿಲ್ಲ. ಆ ಹುಡುಗರಲ್ಲಿ ಒಬ್ಬ ನನ್ನ ವಿದ್ಯಾರ್ಥಿ. 'ಸರ, ಒಂದ ಸಲ ನೋಡಾಕ ಬರ್ರಿ, ವಸ್ತಾದರು ಕರದಾರ' ಎನ್ನುತ್ತಾನೆ. ನಾಳೆ ಬರುತ್ತೇನೆ ಎನ್ನುತ್ತೇನೆ. ಇನ್ನೂ ಹೋಗಿಲ್ಲ.